ತಡವಾಗಿ ಬಂದ ‘ಬೇಡ’

ಬಿಲ್ಲೆಗಳು ಮಾತು ನಿಲ್ಲಿಸಿದ ಆ ಮಧ್ಯಾಹ್ನ ಚಿತ್ರದುರ್ಗದ ಮಕ್ಕಳೆಲ್ಲ ನಿಂತಲ್ಲೇ ನಿಂತುಬಿಟ್ಟರು.

ಇಂಚರಾ ಅದನ್ನು ಶಿಶು ಸುರಕ್ಷಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ನೋಡಿದಳು. ಗೋಡೆಯಗಲದ ಪರದೆಯ ಮೇಲೆ ಊರಿನ ನಕ್ಷೆ. ನಕ್ಷೆಯ ತುಂಬ ಹಸಿರು ಚುಕ್ಕೆಗಳು. ಒಂದು ಚುಕ್ಕೆಗೆ ಒಂದು ಮಗು. ಶಾಲೆ ಬಿಡುವ ಹೊತ್ತಿಗೆ ಆ ಚುಕ್ಕೆಗಳು ಇರುವೆಗಳಂತೆ ಹರಿದಾಡುವುದು ವಾಡಿಕೆ. ಅಂದು ಉತ್ತರ ಕೊಡುವ ಗಣಕಗಳಿಗೆ ವಿದ್ಯುತ್ ಒದಗಿಸುವ ತಂತಿಯೊಂದು ಸುಟ್ಟುಹೋಯಿತು. ಸ್ಥಳ ಸೂಚಿಸುವ ವ್ಯವಸ್ಥೆ ಬೇರೆಯದಾದ್ದರಿಂದ ಚುಕ್ಕೆಗಳು ಮಾಯವಾಗಲಿಲ್ಲ. ಅವು ಚಲಿಸುವುದನ್ನು ನಿಲ್ಲಿಸಿದವು, ಅಷ್ಟೆ.

ಮೊದಲು ಪರದೆಯೇ ಕೆಟ್ಟಿದೆಯೆಂದು ಅವಳು ಭಾವಿಸಿದಳು. ಬೀದಿಯ ಕ್ಯಾಮೆರಾಗಳನ್ನು ತೆರೆದ ಮೇಲೆ ಪರದೆ ಸರಿಯಾಗಿಯೇ ಇದೆಯೆಂದು ತಿಳಿಯಿತು. ಶಾಲೆಯ ಮೆಟ್ಟಿಲಿನಿಂದ ಒಂದು ಕಾಲು ಕೆಳಗಿಟ್ಟ ಹುಡುಗ ಕಂಬಿ ಹಿಡಿದು ಹಾಗೆಯೇ ನಿಂತಿದ್ದ. ಇಬ್ಬರು ಹುಡುಗಿಯರ ಕೈಯ ಐಸ್‌ಕ್ಯಾಂಡಿ ಕರಗಿ ಮೊಣಕೈಗೆ ಇಳಿಯುತ್ತಿದ್ದರೂ ಅವರು ಅದನ್ನು ಬಾಯಿಗೆ ಇಟ್ಟಿರಲಿಲ್ಲ. ಹೊಳಲ್ಕೆರೆ ರಸ್ತೆಯ ನಟ್ಟನಡುವೆ, ದಾಟುವ ಬಿಳಿ ಪಟ್ಟೆಗಳ ಮೇಲೆ, ಒಂದು ಮಗು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕುತ್ತಿಗೆಯನ್ನು ಎಡಕ್ಕೆ ಓರೆ ಮಾಡಿ, ಏನಾದರೂ ಕೇಳಿಸೀತೇ ಎಂದು ಆಲಿಸುತ್ತ ನಿಂತಿತ್ತು. ಸಿಮೆಂಟಿನ ಲಾರಿಯೊಂದು ಅದರ ಮುಂದೆ ಬಂದು ಗಕ್ಕನೆ ನಿಂತಿತು. ಚಾಲಕ ಇಳಿದು ಬಂದು ಕೈಬೀಸಿದ. ಮಗು ಕದಲಲಿಲ್ಲ. ಅದು ತನ್ನ ಅಕ್ಕನ ಮಗಳು ಧಾತ್ರಿಯೆಂದು ಇಂಚರಾಳಿಗೆ ಆ ಓರೆ ಕುತ್ತಿಗೆಯಿಂದಲೇ ಗೊತ್ತಾಯಿತು.

ವಿದ್ಯುತ್ ಮರಳಿ ಬಂದಿತು. ಚುಕ್ಕೆಗಳೆಲ್ಲ ಒಂದೇ ಕ್ಷಣದಲ್ಲಿ ಮತ್ತೆ ಹರಿದಾಡಿದವು. ಕೇಂದ್ರದ ಮುಖ್ಯಸ್ಥೆ ಜಬೀನಾ ಮೇಡಂ ತಮ್ಮ ಕನ್ನಡಕವನ್ನು ತೆಗೆದು ಒರೆಸಿಕೊಂಡು, “ಇಡೀ ಊರಿನಲ್ಲಿ ಒಂದು ಗಾಯವೂ ಇಲ್ಲ,” ಎಂದರು. ಯಾರೋ ಚಪ್ಪಾಳೆ ತಟ್ಟಿದರು.

ಬಿಲ್ಲೆಯೆಂದರೆ ಹೆಬ್ಬೆರಳಿನ ಉಗುರಿನಷ್ಟು ಅಗಲದ, ಕೊರಳ ಕೆಳಗಿನ ಎಲುಬಿನ ಮೇಲೆ ಅಂಟಿಸುವ ಸಾಧನ. ಮಗುವಿನ ಚಲನೆಯನ್ನೂ ನಾಡಿಯನ್ನೂ ಎದುರಿನ ದೃಶ್ಯವನ್ನೂ ಗ್ರಹಿಸಿ ಅದು ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರದ ಗಣಕ ಅದಕ್ಕೊಂದು ಅಪಾಯಾಂಕ ಕಟ್ಟುತ್ತದೆ. ಮಗು ‘ಹೋಗಲಾ’ ಎಂದು ಪಿಸುಗುಟ್ಟಿದರೆ, ಅಂಕ ನಲವತ್ತರೊಳಗಿದ್ದಾಗ ‘ಹ್ಞೂಂ’ ಎಂಬ ಉತ್ತರ, ಮೀರಿದ್ದಾಗ ‘ಬೇಡ’. ಆ ಉತ್ತರ ಗಾಳಿಯಲ್ಲಿ ಕೇಳಿಸುವುದಿಲ್ಲ. ಎಲುಬಿನ ಮೂಲಕ ಸೀದಾ ಕಿವಿಯೊಳಕ್ಕೆ ಸಾಗುತ್ತದೆ, ಅದೂ ಮಗುವಿನ ತಾಯಿಯ ದನಿಯಲ್ಲಿ. ಅಂಕ ಎಪ್ಪತ್ತು ದಾಟಿದರೆ ತಾಯಿಯ ಫೋನು ಬಡಿದುಕೊಳ್ಳುತ್ತದೆ, ರಕ್ಷಣಾ ವಾಹನ ಹೊರಡುತ್ತದೆ, ಅದು ಬರುವವರೆಗೆ ಅಲ್ಲೇ ಇರುವಂತೆ ಬಿಲ್ಲೆ ಮಗುವಿಗೆ ಹೇಳುತ್ತದೆ. ಬಿಲ್ಲೆ ಕಡ್ಡಾಯವೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಬಿಲ್ಲೆಯಿಲ್ಲದ ಮಗುವನ್ನು ಸೇರಿಸಿಕೊಳ್ಳುವ ಶಾಲೆಯೂ ಊರಿನಲ್ಲಿ ಇಲ್ಲ. ಒಂಬತ್ತು ವರ್ಷದ ಧಾತ್ರಿಗೆ ಬಿಲ್ಲೆಯಿಲ್ಲದ ದಿನವೊಂದರ ನೆನಪೇ ಇರಲಿಲ್ಲ.

ಸಂಜೆ ಮನೆಯಲ್ಲಿ ಇಂಚರಾ ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. “ಲಾರಿಯವನು ಹೋಗು ಅಂದನಲ್ಲ, ಯಾಕೆ ಹೋಗಲಿಲ್ಲ?”

“ಅಮ್ಮ ಏನೂ ಹೇಳಲಿಲ್ಲ,” ಎಂದಳು ಧಾತ್ರಿ.

“ಅಮ್ಮ ಆಸ್ಪತ್ರೇಲಿ ಇದ್ದಳಲ್ಲೇ?”

“ಆ ಅಮ್ಮ ಅಲ್ಲ ಚಿಕ್ಕಮ್ಮ.” ಧಾತ್ರಿ ಕೊರಳ ಕೆಳಗೆ ಬೆರಳಿಟ್ಟು ತೋರಿಸಿದಳು. “ಈ ಅಮ್ಮ.”

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಕ್ಕ ಶರ್ವಾಣಿ ಆ ಮಾತು ಕೇಳಿದಳು. ಒಳಗೆ ಹೋಗಿ ಕೈಕಾಲು ತೊಳೆದು ಬಂದಳು.

ಹಜಾರದ ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದ ಅಪ್ಪ ಓಬಯ್ಯನಿಗೆ ಮಾತ್ರ ಸುಮ್ಮನಿರಲು ಬರುತ್ತಿರಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಆತನಿಗೆ ದಿನಕ್ಕೊಮ್ಮೆಯಾದರೂ ತನ್ನ ಬಾಲ್ಯವನ್ನು ಮನೆಯವರ ಮುಂದೆ ಹರವದಿದ್ದರೆ ಊಟ ರುಚಿಸುತ್ತಿರಲಿಲ್ಲ. “ನಮ್ಮ ಕಾಲದಲ್ಲಿ ಬೆಳಿಗ್ಗೆ ಹೊರಗೆ ಬಿದ್ರೆ ಹೊಟ್ಟೆ ಹಸಿದಾಗಲೇ ಮನೆ ನೆನಪಾಗೋದು. ಬೆಟ್ಟ ನಮ್ದು, ಬಾವಿ ನಮ್ದು. ಹೇಳೋರಿಲ್ಲ, ಕೇಳೋರಿಲ್ಲ. ಏನಾಯ್ತು ನಮಗೆ? ಕಲ್ಲುಗುಂಡಿನ ಹಂಗೆ ಇದೀವಿ.”

“ಕೇಳೋರಿರಲಿಲ್ಲ ಅಂತಲೇ ನಿನ್ನ ಎಡಗೈ ಇವತ್ತಿಗೂ ನೆಟ್ಟಗಾಗಲ್ಲ,” ಎಂದಳು ಶರ್ವಾಣಿ.

“ಇದು ವಾತ.”

“ವಾತ ಅಲ್ಲಪ್ಪ. ಮುರಿದು, ಕಟ್ಟು ಹಾಕದೆ, ಸೊಟ್ಟ ಕೂಡಿಕೊಂಡ ಮೂಳೆ. ನಾನು ನರ್ಸು. ಆ ಕಥೆ ಪಕ್ಕದ ಮನೆಯವರಿಗೆ ಹೇಳು.”

ಓಬಯ್ಯ ಮೊಣಕೈಯನ್ನು ಮಡಿಲಿಗೆ ಎಳೆದುಕೊಂಡು ಕಡಲೆಕಾಯಿಯ ಕಡೆ ನೋಡಿದ. ಶರ್ವಾಣಿ ತಂಗಿಯ ಕಡೆ ತಿರುಗಿದಳು. “ನಾನು ಕೆಲಸಕ್ಕೆ ಸೇರಿದಾಗ ಮೂಳೆ ವಾರ್ಡಿನಲ್ಲಿ ಮಕ್ಕಳನ್ನ ನೆಲದ ಮೇಲೆ ಮಲಗಿಸ್ತಿದ್ವಿ, ಅಷ್ಟು ಬರ್ತಿದ್ರು. ಈಗ ಅಲ್ಲಿ ಬರೀ ಮುದುಕರು. ನಿನಗೆ ಪರದೆ ಮೇಲೆ ಚುಕ್ಕೆ ಕಾಣುತ್ತೆ ಇಂಚು, ನನಗೆ ಆ ಮಕ್ಕಳ ಮುಖ ಕಾಣುತ್ತೆ. ಒಳಬಿಲ್ಲೆಗೆ ನಾನು ಒಪ್ಪಿಗೆ ಕೊಟ್ಟಾಯ್ತು.”

ಒಳಬಿಲ್ಲೆಯ ಸುದ್ದಿ ಆ ಮಧ್ಯಾಹ್ನವೇ ಪೋಷಕರಿಗೆ ತಲುಪಿತ್ತು. ಅದನ್ನು ಕಿವಿಯ ಹಿಂದಿನ ಎಲುಬಿನೊಳಗೆ ಕೂರಿಸಲಾಗುತ್ತದೆ. ಕೇಂದ್ರದ ಸಂಪರ್ಕ ಕಡಿದರೂ ಅದು ತಾನೇ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಒಮ್ಮೆ ಕೂರಿಸಿದರೆ ಬೆಳೆಯುವ ಎಲುಬು ಅದನ್ನು ಸುತ್ತುವರಿಯುವುದರಿಂದ ತೆಗೆಯುವುದು ಸುಲಭವಲ್ಲ. ಅಪಾಯದ ಜಾಗದಲ್ಲಿ ನಿಂತುಬಿಟ್ಟಿದ್ದ ಮಕ್ಕಳಿಗೆ ಮೊದಲ ಸರದಿ. ದಸರಾ ರಜೆ ಮುಗಿದ ಸೋಮವಾರ ಧಾತ್ರಿಯ ದಿನ.

ಇಂಚರಾ ಮರುದಿನವೇ ಕೇಂದ್ರದ ಸಮಿತಿಯ ಮುಂದೆ ಅಪಾಯಾಂಕಗಳ ಏರಿಳಿತದ ಒಂದು ನಕ್ಷೆಯನ್ನು ಇಟ್ಟಳು. ಅದನ್ನು ಅವಳು ಒಂದು ವರ್ಷದಿಂದ ಸಿದ್ಧಪಡಿಸುತ್ತಿದ್ದಳು; ತೋರಿಸಲು ಸಂದರ್ಭ ಸಿಕ್ಕಿರಲಿಲ್ಲ. “ಸೀಬೆಮರ ಹತ್ತುವುದಕ್ಕೆ ನಮ್ಮ ಗಣಕ ಎಂಟು ವರ್ಷದ ಹಿಂದೆ ಕೊಡುತ್ತಿದ್ದ ಅಂಕ ಮೂವತ್ತೆಂಟು. ಈಗ ಎಪ್ಪತ್ತೊಂದು. ಈ ಅವಧಿಯಲ್ಲಿ ಸೀಬೆಮರದಿಂದ ಬಿದ್ದ ಮಕ್ಕಳು ಯಾರೂ ಇಲ್ಲ.”

“ಸಂತೋಷದ ವಿಷಯ ತಾನೆ?” ಎಂದರು ಜಬೀನಾ ಮೇಡಂ.

“ಯಾರೂ ಬೀಳದಿರುವುದಕ್ಕೆ ಕಾರಣ ಯಾರೂ ಹತ್ತದಿರುವುದು, ಮೇಡಂ. ಯಾರೂ ಹತ್ತುವುದಿಲ್ಲವಾದ್ದರಿಂದ, ಹತ್ತುವುದು ಅಸಹಜ ಅಂತ ಗಣಕ ಕಲಿತಿದೆ. ಅದಕ್ಕೆ ಅಸಹಜವಾದದ್ದೆಲ್ಲ ಅಪಾಯ. ಹಾಗಾಗಿ ಅಂಕ ಏರುತ್ತೆ. ಅಂಕ ಏರಿದರೆ ಮಕ್ಕಳು ಇನ್ನೂ ದೂರ ಉಳೀತಾರೆ, ಅದರಿಂದ ಅಂಕ ಮತ್ತೆ ಏರುತ್ತೆ. ಲೋಕದಲ್ಲಿ ಅಪಾಯ ಹೆಚ್ಚಿಲ್ಲ. ಗಣಕ ತನ್ನ ಮಾತನ್ನೇ ತಾನು ಕೇಳಿಸಿಕೊಂಡು ಹೆದರುತ್ತಿದೆ. ಹೀಗೇ ಹೋದರೆ ಮುಂದೊಂದು ದಿನ ಮಂಚದಿಂದ ಇಳಿಯೋದಕ್ಕೂ ಬೇಡ ಅನ್ನುತ್ತೆ.”

ಜಬೀನಾ ಮೇಡಂ ನಕ್ಷೆಯನ್ನು ಗಮನವಿಟ್ಟು ನೋಡಿದರು. ಅವರು ದಡ್ಡರಲ್ಲ, ಅದೇ ಇಂಚರಾಳ ಕಷ್ಟವಾಗಿತ್ತು. “ತರ್ಕ ಸರಿಯಾಗಿದೆ. ಆದರೆ ನಲವತ್ತರ ಮಿತಿಯನ್ನು ಎಲ್ಲಿಗೆ ಏರಿಸಲಿ? ಹೋಲಿಸುವುದಕ್ಕೆ ಬಿಲ್ಲೆಯಿಲ್ಲದ ಮಕ್ಕಳ ದತ್ತಾಂಶ ಬೇಕು. ಎಲ್ಲಿದ್ದಾರೆ ಅಂಥ ಮಕ್ಕಳು?”

“ಹಿರಿಯರ ನೆನಪುಗಳನ್ನು ಸಂಗ್ರಹಿಸಿದ್ದೇನೆ. ಮುನ್ನೂರು ಜನರ ಬಾಲ್ಯ. ಯಾವ ವಯಸ್ಸಿನಲ್ಲಿ ಎಲ್ಲಿಗೆ ಒಂಟಿಯಾಗಿ ಹೋಗುತ್ತಿದ್ದರು, ಏನು ಹತ್ತುತ್ತಿದ್ದರು, ಏನು ಗಾಯವಾಯಿತು, ಎಲ್ಲ ಇದೆ.”

“ಬದುಕಿ ಉಳಿದವರು ಮಾತ್ರ ಉತ್ತರಿಸಿದ್ದಾರೆ.”

ಆ ಆಕ್ಷೇಪವನ್ನು ಇಂಚರಾ ತನ್ನ ವರದಿಯಲ್ಲಿ ತಾನೇ ಬರೆದಿದ್ದಳು. ಅದಕ್ಕೆ ಪರಿಹಾರವನ್ನು ಮಾತ್ರ ಬರೆಯಲಾಗಿರಲಿಲ್ಲ. ಉದ್ಯಾನದ ಬೆಂಚುಗಳಲ್ಲಿ ಅವಳು ಮಾತಾಡಿಸಿದ ಮುದುಕರೆಲ್ಲ ಮೊಣಕಾಲಿನ ಕಲೆಗಳನ್ನು ಪದಕಗಳಂತೆ ತೋರಿಸಿದ್ದರು, ಎಲ್ಲರೂ ಓಬಯ್ಯನ ದನಿಯಲ್ಲೇ ಮಾತಾಡಿದ್ದರು. ಹಂಬಲಕ್ಕೆ ಅಳತೆಗೋಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಅವಳು ಹೊರಬಂದಳು. ಲಿಫ್ಟಿನ ಗುಂಡಿಯನ್ನು ಒತ್ತಿ, ಅದು ಬರುವವರೆಗೂ ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು.

ಸಮಿತಿ ಒಪ್ಪದಿದ್ದರೂ ಅಕ್ಕನನ್ನು ಒಪ್ಪಿಸಬಹುದು. ಅದಕ್ಕೆ ಮಾತು ಸಾಲದು. ಬಿಲ್ಲೆ ಸುಮ್ಮನಿದ್ದಾಗಲೂ ಧಾತ್ರಿ ಹೆಜ್ಜೆ ಇಡಬಲ್ಲಳೆಂದು ತೋರಿಸಬೇಕು. ಉಪಕರಣಗಳನ್ನು ಸರಿಹೊಂದಿಸುವುದಕ್ಕಾಗಿ ಇಂಚರಾಳ ಬಳಿ ಒಂದು ಪರೀಕ್ಷಾ ಬಿಲ್ಲೆಯಿತ್ತು. ಅದರ ದನಿ, ವೇಗ, ಮಿತಿ ಎಲ್ಲವನ್ನೂ ಬದಲಿಸಬಹುದಾಗಿತ್ತು. ರಜೆಯ ಮೊದಲ ಶನಿವಾರ, ಶರ್ವಾಣಿ ಕೆಲಸಕ್ಕೆ ಹೋದ ಮೇಲೆ, ಧಾತ್ರಿಯ ಬಿಲ್ಲೆಯನ್ನು ತೆಗೆದು ಅದನ್ನು ಅಂಟಿಸಿದಳು. ದನಿಯನ್ನು ಸಂಪೂರ್ಣ ಆರಿಸಿದಳು. “ತಾರಸಿ ಮೇಲೆ ಹಪ್ಪಳ ಒಣಗಿಸಿದೀನಿ, ತಗೊಂಡು ಬಾ,” ಎಂದು ಕಳಿಸಿದಳು.

ಧಾತ್ರಿ ಮೂರನೆಯ ಮೆಟ್ಟಿಲಿನಲ್ಲಿ ನಿಂತಳು. ಕುತ್ತಿಗೆ ಓರೆ ಮಾಡಿ ಕೇಳಿದಳು. ಮತ್ತೆ ಕೇಳಿದಳು. ಆಮೇಲೆ ಕುಳಿತುಬಿಟ್ಟಳು. ಇಂಚರಾ ಬಾಗಿಲ ಸಂದಿನಿಂದ ನೋಡುತ್ತ, ಈಗ ಎದ್ದಾಳು, ಇನ್ನೇನು ಎದ್ದಾಳು ಎಂದು ಕಾಯುತ್ತಲೇ ಇದ್ದಳು. ಬಿಸಿಲು ಮೆಟ್ಟಿಲಿನಿಂದ ಇಳಿದು ಅಂಗಳಕ್ಕೆ ಬಂತು. ಕೊನೆಗೆ ಧಾತ್ರಿ ಸದ್ದಿಲ್ಲದೆ ಅಳಲಾರಂಭಿಸಿದಳು. ಇಂಚರಾ ಓಡಿಹೋಗಿ ಎತ್ತಿಕೊಂಡಾಗ ಅವಳ ಅಂಗೈಗಳು ತಣ್ಣಗಿದ್ದವು.

“ಹಂಗೆ ಒಂದೇ ಸಲ ಬಿಚ್ಚಿಬಿಟ್ರೆ ಮುಳುಗದೆ ಇನ್ನೇನಾಗುತ್ತೆ?” ಎಂದ ಓಬಯ್ಯ, ಹಿಂದಿನಿಂದ.

ಇಂಚರಾಳಿಗೆ ರೇಗಿತು. “ಏನನ್ನ ಬಿಚ್ಚಿದರೆ ಅಪ್ಪಾ? ಅರ್ಧಂಬರ್ಧ ಮಾತಾಡಬೇಡ.”

“ಬೆಂಡು ಕಣೆ. ಈಜು ಕಲಿಯೋವಾಗ ಬೆನ್ನಿಗೆ ಕಟ್ತಾರಲ್ಲ, ಬೆಂಡು. ಕತ್ತಾಳೆಯ ಒಣಗಿದ ದಿಂಡು, ನೀರಲ್ಲಿ ತೇಲುತ್ತೆ.”

“ಬಾವಿಯಲ್ಲಿ ನೀವು ನೀವೇ ಕಲಿತಿದ್ದು, ಯಾರೂ ಇರಲಿಲ್ಲ ಅಂತ ಹೇಳ್ತಿದ್ದೆ.”

“ಯಾರೂ ಇರಲಿಲ್ಲ. ಪಾಪಕ್ಕ ಒಬ್ಳು ಇದ್ಳು, ನಮ್ಮ ದೊಡ್ಡಪ್ಪನ ಮಗಳು. ಅವಳು ಕಟ್ಟೆ ಮೇಲೆ ಬಟ್ಟೆ ಒಗೀತಿದ್ಳು, ನಮ್ಮ ಕಡೆ ತಿರುಗಿಯೂ ನೋಡ್ತಿರಲಿಲ್ಲ.”

“ಬೆಂಡು ಕಟ್ಟಿದ್ದು ಯಾರು?”

“ಅವಳೇ.”

“ಬಿಚ್ಚಿದ್ದು?”

“ಬಿಚ್ಚಲೇ ಇಲ್ಲ. ದಿನಾ ನಾನು ನೀರಿಗೆ ಬೀಳೋ ಮುಂಚೆ ಬೆಂಡು ಅವಳ ಹತ್ರ ಇರೋದು. ರಾತ್ರಿ ಕುಡುಗೋಲು ತಗೊಂಡು ಒಂಚೂರು ಕೆತ್ತಿಡ್ತಿದ್ಳಂತೆ. ಮಾರನೇ ದಿನ ಇನ್ನೊಂಚೂರು. ನನಗೇನು ಗೊತ್ತು? ಬೆನ್ನ ಮೇಲೆ ಹಗ್ಗ ಬಿಗಿಯಾಗಿ ಇರೋದು, ಬೆಂಡು ಇದೆ ಅಂತ ಧೈರ್ಯವಾಗಿ ಕೈ ಬಡೀತಿದ್ದೆ. ಒಂದಿನ ಮೇಲೆ ಬಂದು ಬಿಚ್ಚಿ ನೋಡಿದ್ರೆ, ಹಗ್ಗದಲ್ಲಿ ಇಷ್ಟೇ ಇಷ್ಟು,” ಎಂದು ಕಿರುಬೆರಳ ತುದಿ ತೋರಿಸಿದ.

“ನಿಮ್ಮ ಕಡೆ ನೋಡದೇ ಇದ್ದೋಳಿಗೆ, ಇವತ್ತು ಎಷ್ಟು ಕೆತ್ತಬೇಕು ಅಂತ ಹೇಗೆ ಗೊತ್ತಾಗ್ತಿತ್ತು?”

ಓಬಯ್ಯ ಬಾಯಿ ತೆರೆದ. ಅರವತ್ತು ವರ್ಷದಲ್ಲಿ ನೂರಾರು ಸಲ ಹೇಳಿದ್ದ ಕಥೆಯಲ್ಲಿ ಈ ಪ್ರಶ್ನೆ ಅವನಿಗೆ ಎದುರಾಗಿರಲಿಲ್ಲ. “ನೋಡ್ತಿದ್ದಳೇನೋ,” ಎಂದ ಕೊನೆಗೆ, ಯಾರೋ ತನ್ನ ಜೇಬಿನಿಂದ ಏನನ್ನೋ ತೆಗೆದುಕೊಂಡುಬಿಟ್ಟಂತೆ.

ಇಂಚರಾ ಅಂದು ಪರೀಕ್ಷಾ ಬಿಲ್ಲೆಯಲ್ಲಿ ದನಿಯನ್ನು ಮತ್ತೆ ಹಚ್ಚಿದಳು; ಉತ್ತರದ ವೇಗವನ್ನು ಮಾತ್ರ ಸ್ವಲ್ಪ ತಗ್ಗಿಸಿದಳು. ಮೊದಲು ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಬರುತ್ತಿದ್ದ ಉತ್ತರಕ್ಕೆ ಈಗ ಒಂದು ಸೆಕೆಂಡು ಹಿಡಿಯಿತು. ವಾಹನ, ನೀರು, ಬೆಂಕಿ, ವಿದ್ಯುತ್ ಈ ನಾಲ್ಕರ ಎಚ್ಚರಿಕೆಯನ್ನು ಅವಳು ಮುಟ್ಟಲಿಲ್ಲ. ಅವು ಮೊದಲಿನಂತೆ ತಕ್ಷಣವೇ ಬರುವ ಹಾಗೆ ಉಳಿಸಿ, ಹಾಗೆ ಉಳಿದಿವೆಯೇ ಎಂದು ಎರಡೆರಡು ಸಲ ಪರೀಕ್ಷಿಸಿದಳು. ಉಳಿದ ಪ್ರಶ್ನೆಗಳಿಗೆ, ಅಂದರೆ ಮೆಟ್ಟಿಲು, ಗೋಡೆ, ಚಾಕು, ನಾಯಿಮರಿ, ಒದ್ದೆ ಹುಲ್ಲು ಇಂಥವಕ್ಕೆ, ದಿನದಿಂದ ದಿನಕ್ಕೆ ಉತ್ತರ ಇನ್ನಷ್ಟು ನಿಧಾನವಾಯಿತು. ಶರ್ವಾಣಿಗೆ ಅವಳು ಹೇಳಲಿಲ್ಲ. ಹೇಳಿದರೆ ಬೇಡವೆನ್ನುತ್ತಾಳೆಂದು ಗೊತ್ತಿತ್ತು.

ಕೆಲವು ದಿನ ಏನೂ ಆಗಲಿಲ್ಲ. ಧಾತ್ರಿ ಕಾದಳು, ಉತ್ತರ ಬಂದ ಮೇಲೆ ನಡೆದಳು. ಇಂಚರಾ ತಾನು ಸಮಯ ಹಾಳುಮಾಡುತ್ತಿದ್ದೇನೆಂದು ಅಂದುಕೊಳ್ಳುವಷ್ಟರಲ್ಲಿ ಮಗುವಿಗೆ ಸಿಟ್ಟು ಬರಲಾರಂಭಿಸಿತು.

“ಚಿಕ್ಕಮ್ಮ, ಬಿಲ್ಲೆಗೆ ವಯಸ್ಸಾಯ್ತಾ?”

“ಯಾಕೆ?”

“ಅಜ್ಜನ ಥರ ಆಗಿದೆ. ಒಂದು ಮಾತು ಕೇಳಿದ್ರೆ ಎಲ್ಲೋ ನೋಡ್ಕೊಂಡು ಕೂತಿರುತ್ತೆ.”

“ಏಯ್, ನಾನೇನೇ ಮಾಡಿದೆ ನಿನಗೆ?” ಎಂದ ಓಬಯ್ಯ.

ಆ ಸಿಟ್ಟೇ ಕೆಲಸ ಮಾಡಿತು. ಮೋಸಂಬಿ ಸುಲಿಯಲೇ ಎಂದು ಕೇಳಿದವಳು ಉತ್ತರ ಬರುವಷ್ಟರಲ್ಲಿ ಸಿಪ್ಪೆಗೆ ಉಗುರು ಊರಿದ್ದಳು. ಮೆಟ್ಟಿಲಿನ ಮೇಲೆ ‘ಹ್ಞೂಂ’ ಅವಳನ್ನು ಐದನೆಯ ಮೆಟ್ಟಿಲಿನಲ್ಲಿ ಹಿಡಿಯಿತು, ಆಮೇಲೆ ಎಂಟನೆಯದರಲ್ಲಿ, ಆಮೇಲೆ ತಾರಸಿಯಲ್ಲಿ. ಒಂದು ಸಂಜೆ ಶರ್ವಾಣಿ ಮಗಳು ತಾನೇ ಜಡೆ ಹಾಕಿಕೊಂಡಿದ್ದನ್ನು ಕಂಡು, “ಇವಳಿಗೆ ಈಚೆಗೆ ಏನೋ ಚುರುಕು ಬಂದಿದೆ ಕಣೆ,” ಎಂದಳು. ಜಡೆ ಸೊಟ್ಟಗಿತ್ತು. ಇಂಚರಾ ಒಲೆಯ ಕಡೆ ತಿರುಗಿ ನಿಂತು ಸಾರನ್ನು ಅನಗತ್ಯವಾಗಿ ಕಲಕಿದಳು.

ಒಳಬಿಲ್ಲೆಯ ಸೋಮವಾರಕ್ಕೆ ಮುಂಚಿನ ಶುಕ್ರವಾರ ಜಬೀನಾ ಮೇಡಂ ಅವಳನ್ನು ಕೊಠಡಿಗೆ ಕರೆದರು. ಅವರ ಪರದೆಯ ಮೇಲೆ ಧಾತ್ರಿಯ ಅಂಕಗಳ ರೇಖೆ ಬೆಟ್ಟದಂತೆ ಏರಿತ್ತು. “ಅನುಮತಿಯಿಲ್ಲದೆ ಪ್ರಯೋಗ ಮಾಡಿದ್ದೀಯ. ಅದೂ ಮಗುವಿನ ಮೇಲೆ.”

“ಹೌದು ಮೇಡಂ. ಫಲಿತಾಂಶವನ್ನೂ ನೋಡಿ. ಉತ್ತರಕ್ಕಿಂತ ಮುಂಚೆ ತೆಗೆದುಕೊಂಡ ತೀರ್ಮಾನಗಳಲ್ಲಿ ಹತ್ತಕ್ಕೆ ಒಂಬತ್ತು ಸರಿಯಾಗಿವೆ. ಎಲ್ಲ ಬಿಲ್ಲೆಗಳಲ್ಲೂ ಹೀಗೆ ವಿಳಂಬ ಕೊಡಬಹುದು. ನಾವು ನೋಡುವುದನ್ನು ನಿಲ್ಲಿಸಬೇಕಾಗಿಲ್ಲ. ಮಾತಾಡುವುದನ್ನು ತಡಮಾಡಿದರೆ ಸಾಕು.”

“ಹತ್ತನೆಯದು?”

ಜಬೀನಾ ಮೇಡಂ ಪರದೆಯನ್ನು ಆರಿಸಿದರು. “ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಮಾಳಿಗೆಯಿಂದ ಮಾಳಿಗೆಗೆ ಹಾರ್ತಿದ್ದೆ. ಅಂಥ ಖುಷಿ ಆಮೇಲೆ ಯಾವತ್ತೂ ಸಿಗಲಿಲ್ಲ, ನಿಜ. ನನ್ನ ಜೊತೆ ಹಾರ್ತಿದ್ದ ಇನ್ನೊಬ್ಬಳಿದ್ದಳು. ಅವಳು ನಿನ್ನ ಮುನ್ನೂರು ಜನರಲ್ಲಿ ಇಲ್ಲ.” ಆಮೇಲೆ ಹೇಳಿದರು: “ಸೋಮವಾರ ಪರೀಕ್ಷಾ ಬಿಲ್ಲೆಯನ್ನು ಒಪ್ಪಿಸು. ಈ ವಿಳಂಬವನ್ನು ಉಪಕರಣದ ದೋಷ ಅಂತ ದಾಖಲಿಸ್ತೀನಿ. ನಿನ್ನನ್ನು ಬಿಡಿಭಾಗಗಳ ವಿಭಾಗಕ್ಕೆ ಹಾಕ್ತೀನಿ. ಇದಕ್ಕಿಂತ ಕಡಿಮೆ ಮಾಡೋಕೆ ನನ್ನ ಕೈಲಾಗಲ್ಲ.”

ಉಳಿದದ್ದು ಒಂದು ಭಾನುವಾರ. ಶರ್ವಾಣಿಗೆ ಅಂದೂ ಡ್ಯೂಟಿಯಿತ್ತು. ಓಬಯ್ಯ, ಇಂಚರಾ, ಧಾತ್ರಿ ಮೂವರೂ ಮಂಡಕ್ಕಿ ಕಟ್ಟಿಕೊಂಡು ಕೋಟೆ ಬೆಟ್ಟದ ಹಿಂಬದಿಗೆ ಹೋದರು. ಅಲ್ಲಿ ಓಬಯ್ಯ ಚಿಕ್ಕಂದಿನಿಂದ ಗೂಳಿಬಂಡೆಯೆಂದು ಕರೆಯುತ್ತಿದ್ದ ಕಲ್ಲೊಂದಿತ್ತು: ಎರಡಾಳು ಎತ್ತರ, ಒಂದು ಪಕ್ಕಕ್ಕೆ ಗೂಳಿಯ ಬೆನ್ನಿನಂತೆ ಇಳಿಜಾರು, ಇನ್ನೊಂದು ಪಕ್ಕಕ್ಕೆ ಕಡಿದಾದ ಗೋಡೆ.

ಓಬಯ್ಯ ನೆರಳಿನಲ್ಲಿ ಕುಳಿತು ಮಂಡಕ್ಕಿಗೆ ಈರುಳ್ಳಿ ಹೆಚ್ಚತೊಡಗಿದ. ಧಾತ್ರಿ ಬಂಡೆಯ ಬುಡಕ್ಕೆ ಹೋಗಿ ಅಂಗೈಯಿಟ್ಟು ನೋಡಿದಳು. ಕುತ್ತಿಗೆ ಓರೆ ಮಾಡಿದಳು. “ಹತ್ತಲಾ?” ಎಂದು ಪಿಸುಗುಟ್ಟಿದ್ದು ಇಂಚರಾಳಿಗೂ ಕೇಳಿಸಿತು.

ಉತ್ತರ ಬರಲಿಲ್ಲ. ಧಾತ್ರಿ ಕಾದಳು. ಗಾಳಿ ಬೀಸಿತು, ಎಲ್ಲೋ ನವಿಲು ಕೂಗಿತು. ಆಮೇಲೆ ಅವಳ ಕುತ್ತಿಗೆ ನಿಧಾನವಾಗಿ ನೆಟ್ಟಗಾಯಿತು. ಚಪ್ಪಲಿ ಬಿಟ್ಟು, ಇಳಿಜಾರಿನ ಬಿರುಕಿಗೆ ಹೆಬ್ಬೆರಳು ಸಿಕ್ಕಿಸಿ, ಹತ್ತಲು ಶುರುಮಾಡಿದಳು.

ಅರ್ಧ ಏರುವಷ್ಟರಲ್ಲಿ ಓಬಯ್ಯ ಎದ್ದು ನಿಂತಿದ್ದ. ಅವನ ಬಾಯಲ್ಲಿ ‘ಬೇ’ ಎಂಬ ಅಕ್ಷರ ಮೂಡಿದ್ದನ್ನು ಕಂಡು ಇಂಚರಾ ಅವನ ತೋಳನ್ನು ಬಿಗಿಯಾಗಿ ಹಿಡಿದಳು.

“ಬಿದ್ರೆ ಏನೇ ಗತಿ?” ಎಂದ ಪಿಸುದನಿಯಲ್ಲಿ.

“ಕಲ್ಲುಗುಂಡಿನ ಹಾಗೆ ಇದೀವಿ ಅಂತಿದ್ದೆಯಲ್ಲಪ್ಪ.”

“ಕೈ ಮುರಿದಿದ್ದು ಇಲ್ಲೇ ಕಣೆ.” ಓಬಯ್ಯ ಸೊಟ್ಟ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದ. “ಇದೇ ಕಲ್ಲು. ಸಂಜೆವರೆಗೂ ಇಲ್ಲೇ ಬಿದ್ದಿದ್ದೆ. ಯಾರೂ ಬರಲಿಲ್ಲ. ಬಾವಿ ಹತ್ರ ಆದ್ರೆ ಪಾಪಕ್ಕ ಇರೋಳು.”

ಇಂಚರಾ ಅವನ ಮುಖ ನೋಡಿದಳು. ಇದನ್ನು ಮುಂಚೆಯೇ ಏಕೆ ಹೇಳಲಿಲ್ಲವೆಂದು ಕೇಳುವ ಹೊತ್ತಲ್ಲ. ಅವಳು ಬಂಡೆಯ ಹತ್ತಿರಕ್ಕೆ, ಬಿದ್ದರೆ ಹಿಡಿಯಬಹುದಾದಷ್ಟು ಹತ್ತಿರಕ್ಕೆ ಹೋಗಿ ನಿಂತಳು. ಅಷ್ಟರಲ್ಲಿ ಧಾತ್ರಿ ಮೇಲೆ ತಲುಪಿದ್ದಳು. ಎದ್ದು ನಿಂತು ಸುತ್ತಲೂ ನೋಡಿದಳು: ಇತ್ತ ಕೋಟೆಯ ಗೋಡೆ, ಅತ್ತ ಊರಿನ ತಾರಸಿಗಳು, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಆಗ ಅವಳ ಎಲುಬಿನಲ್ಲಿ ಉತ್ತರ ಬಂದಿತು. ಧಾತ್ರಿ ಬಿಲ್ಲೆಯನ್ನು ಮುಟ್ಟಿಕೊಂಡು ಸಹಜವಾಗಿ ಹೇಳಿದಳು: “ಆಗಲೇ ಹತ್ತಾಯ್ತಮ್ಮ.”

ಅಂಕ ಎಪ್ಪತ್ತು ದಾಟಿತ್ತು. ಆಸ್ಪತ್ರೆ ಅಲ್ಲಿಂದ ದೂರವಿರಲಿಲ್ಲ. ರಕ್ಷಣಾ ವಾಹನಕ್ಕಿಂತ ಮೊದಲು ಶರ್ವಾಣಿಯ ಸ್ಕೂಟರ್ ಬಂದಿತು. ನರ್ಸಿನ ಉಡುಪಿನಲ್ಲೇ ಇದ್ದಳು. ಮೇಲೆ ನೋಡಿದಳು, ತಂಗಿಯನ್ನು ನೋಡಿದಳು.

“ಬಿಲ್ಲೆ ಯಾಕೆ ತಡೀಲಿಲ್ಲ?”

ಇಂಚರಾ ಎಲ್ಲವನ್ನೂ ಹೇಳಿದಳು. ಪರೀಕ್ಷಾ ಬಿಲ್ಲೆ, ಮೆಟ್ಟಿಲು, ಬೆಂಡು, ವಿಳಂಬ. ಅನುಕ್ರಮವಾಗಿ, ಏನನ್ನೂ ಬಿಡದೆ.

“ನನ್ನ ಮಗಳು. ನನ್ನ ದನಿ.” ಶರ್ವಾಣಿಯ ಮಾತು ಏರಲಿಲ್ಲ. “ಎರಡನ್ನೂ ನನಗೆ ಹೇಳದೆ ತಗೊಂಡೆ.”

“ಹೌದು. ತಪ್ಪೇ.”

“ತಪ್ಪು ಅಂತ ಎಷ್ಟು ಸುಲಭವಾಗಿ ಹೇಳ್ತೀಯ. ಆ ಕಡೆ ಬಿದ್ದಿದ್ರೆ?”

“ಬೀಳಬಹುದಿತ್ತು. ಅಕ್ಕ, ಜಡೆ ಹಾಕ್ಕೊಂಡಿದ್ದು ಅವಳೇ. ಬಿಲ್ಲೆ ಅಲ್ಲ.”

“ಅಮ್ಮಾ,” ಎಂದು ಧಾತ್ರಿ ಮೇಲಿನಿಂದ ಕೂಗಿದಳು. ಬಂಡೆಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಿದ್ದಳು. ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆಯಿತ್ತು. “ಇಳಿಯಲಾ ಅಂತ ಕೇಳ್ದೆ. ಬೇಡ, ಅಲ್ಲೇ ಇರು, ಗಾಡಿ ಬರುತ್ತೆ ಅಂತಿದ್ದೀಯ.”

ಶರ್ವಾಣಿ ಎರಡೂ ಕೈಗಳನ್ನು ಮೇಲಕ್ಕೆ ಚಾಚಿದಳು. ಹಾಗೆಯೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೈಗಳನ್ನು ಇಳಿಸಿ, ಇಳಿಜಾರಿನ ಬುಡಕ್ಕೆ ಬಂದು, ಮಗಳಿಗೆ ಬೆನ್ನುಹಾಕಿ ನಿಂತಳು.

“ನಾನೇನೂ ಅಂದಿಲ್ಲ,” ಎಂದಳು.

ಸೂರ್ಯ ಬಂಡೆಯ ಹಿಂದಿದ್ದ. ಧಾತ್ರಿಯ ನೆರಳು ಶರ್ವಾಣಿಯ ಪಾದಗಳ ಮುಂದೆ ನೆಲದ ಮೇಲೆ ಬಿದ್ದಿತ್ತು. ಶರ್ವಾಣಿಯ ಕಣ್ಣು ಆ ನೆರಳನ್ನು ಬಿಟ್ಟು ಕದಲಲಿಲ್ಲ. ನೆರಳು ಎದ್ದಿತು, ಬಾಗಿತು, ಮತ್ತೆ ಕುಳಿತಿತು, ಒಂದು ಕಾಲನ್ನು ಚಾಚಿ ತಡಕಾಡಿತು. ಶರ್ವಾಣಿಯ ಬೆರಳುಗಳು ಉಡುಪಿನ ಅಂಚನ್ನು ಹಿಡಿದು ಹಿಂಡುತ್ತಿದ್ದವು. ನೆರಳು ಜಾರಿತು, ಕೊನೆಯ ಒಂದಾಳು ದೂರವನ್ನು ಧಾತ್ರಿ ಕಲ್ಲಿಗೆ ಉಜ್ಜಿಕೊಂಡು ಒಮ್ಮೆಲೇ ಇಳಿದು ಮಣ್ಣಿಗೆ ಬಂದು ಬಿದ್ದಳು.

ಮೊಣಕಾಲು ತರಚಿ ರಕ್ತ ಸಣ್ಣಗೆ ಜಿನುಗುತ್ತಿತ್ತು. ಶರ್ವಾಣಿ ಅವಳನ್ನು ಕೂರಿಸಿ, ಕಾಲನ್ನು ಮಡಿಸಿ, ನೆಟ್ಟಗೆ ಮಾಡಿಸಿ, ಪಾದ ತಿರುಗಿಸಿ ನೋಡಿದಳು. ಆಮೇಲೆ ನೀರಿನ ಬಾಟಲಿ ತೆರೆದು ಗಾಯ ತೊಳೆದಳು.

“ಉರಿಯುತ್ತೆ,” ಎಂದಳು ಧಾತ್ರಿ ಅಚ್ಚರಿಯಿಂದ.

“ಹ್ಞೂಂ. ಉರಿಯುತ್ತೆ.” ಗಾಯದ ಮೇಲೆ ಕರವಸ್ತ್ರ ಒತ್ತಿಹಿಡಿದು, ತಂಗಿಯ ಕಡೆ ನೋಡದೆ ಶರ್ವಾಣಿ ಹೇಳಿದಳು: “ನಾಳೆ ರಜೆ ಹಾಕಿದ್ದೆ, ಇವಳ ಕಿವಿ ಕೆಲಸಕ್ಕೆ ಅಂತ. ರಜೆ ಹಾಗೇ ಇರಲಿ. ಕಿವಿಗೆ ಹೋಗಲ್ಲ. ನಿನ್ನ ಜೊತೆ ಜಗಳ ಬಾಕಿ ಇದೆ, ಅದನ್ನ ಮಾಡೋಣ.”

ಇಂಚರಾ ತಲೆಯಾಡಿಸಿದಳು. ಆ ಜಗಳ ನ್ಯಾಯವಾದದ್ದೆಂದು ಅವಳಿಗೆ ಗೊತ್ತಿತ್ತು.

ರಕ್ಷಣಾ ವಾಹನ ದೂಳೆಬ್ಬಿಸಿಕೊಂಡು ಬಂದಿತು. ಹಳದಿ ಅಂಗಿಯ ಇಬ್ಬರು ಏಣಿಯನ್ನೂ ಸ್ಟ್ರೆಚರನ್ನೂ ಹೊತ್ತು ಓಡಿಬಂದರು. ಬಂಡೆಯ ಮೇಲೆ ಯಾರೂ ಇಲ್ಲದ್ದನ್ನು ಕಂಡು ನಿಂತರು. “ಬಂಡೆಯಲ್ಲಿ ಸಿಕ್ಕಿಹಾಕಿಕೊಂಡಿರೋದು ಯಾರು?” ಎಂದು ಒಬ್ಬ ಕೇಳಿದ.

ಓಬಯ್ಯ ಸೊಟ್ಟ ಕೈಯನ್ನು ಮುಂದೆ ಚಾಚಿದ. “ನಾನೇ. ಅರವತ್ತು ವರ್ಷ ತಡಮಾಡಿದ್ರಿ ಕಣಯ್ಯ.”

ಅವರು ನಗಲಿಲ್ಲ. ಧಾತ್ರಿಯ ಮೊಣಕಾಲಿನ ಚಿತ್ರ ತೆಗೆದುಕೊಂಡು, ‘ಗಾಯ: ಒಂದು’ ಎಂದು ಕೇಂದ್ರಕ್ಕೆ ಕಳಿಸಿದರು. ಇಂಚರಾಳ ಫೋನಿನಲ್ಲಿ ಊರಿನ ನಕ್ಷೆ ತೆರೆದೇ ಇತ್ತು. ಅವಳು ನೋಡುತ್ತಿದ್ದಂತೆಯೇ ಗೂಳಿಬಂಡೆ ಕೆಂಪಾಯಿತು. ಗಣಕ ಪಾಠ ಕಲಿತಿತ್ತು. ಇನ್ನು ಈ ಊರಿನ ಯಾವ ಮಗು ಇಲ್ಲಿಗೆ ಬಂದರೂ, ಬಂಡೆಯನ್ನು ಮುಟ್ಟುವ ಮೊದಲೇ, ತನ್ನ ತಾಯಿಯ ದನಿಯಲ್ಲಿ ‘ಬೇಡ’ ಎಂದು ಕೇಳಿಸಿಕೊಳ್ಳುತ್ತದೆ. ನಾಳೆ ಬೆಳಿಗ್ಗೆ ಧಾತ್ರಿಯ ಕೊರಳ ಕೆಳಗೂ ಹಳೆಯ ಬಿಲ್ಲೆಯೇ ಮರಳುತ್ತದೆ, ಅರ್ಧ ಸೆಕೆಂಡಿನೊಳಗೆ ಉತ್ತರ ಕೊಡುವ ಬಿಲ್ಲೆ. ಇಂಚರಾ ಫೋನನ್ನು ಚೀಲದೊಳಕ್ಕೆ ತುರುಕಿದಳು.

ಧಾತ್ರಿ ಮಂಡಕ್ಕಿ ಮುಕ್ಕುತ್ತ, ಮೊಣಕಾಲಿಗೆ ಕಟ್ಟಿದ ಕರವಸ್ತ್ರವನ್ನು ಆಗಾಗ ಎತ್ತಿ ಇಣುಕುತ್ತಿದ್ದಳು. ಆಮೇಲೆ ಆಚೆ, ಗೂಳಿಬಂಡೆಗಿಂತ ತುಸು ಎತ್ತರವಿದ್ದ ಇನ್ನೊಂದು ಕಲ್ಲಿನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕುತ್ತಿಗೆ ನೆಟ್ಟಗೇ ಇತ್ತು.